ಕೂತ ಒಗರು

ಚಿಕ್ಕಮ್ಮನಿಗೆ,

ಬೂಟು ಹಾಕಿಕೊಳ್ಳುವ ಮೊದಲು ಇದನ್ನು ಓದಿ. ತೊಳೆಯುವ ಶೆಡ್ಡಿನಲ್ಲಿ ನಿಮಗೆ ಕೊಟ್ಟಿರುವ ರಬ್ಬರ್ ಬೂಟುಗಳಲ್ಲಿ ಎಡಗಾಲಿನದರೊಳಗೆ ಇಡುತ್ತಿದ್ದೇನೆ. ಬಲಗಾಲಿನದು ಸೋರುತ್ತದೆ ಎಂದು ನೀವು ಅಪ್ಪನಿಗೆ ಹೇಳುತ್ತಿದ್ದದ್ದು ಕೇಳಿಸಿತ್ತು. ಎದುರಿಗೇ ಹೇಳಬಹುದಿತ್ತು. ಒಂದೇ ಮನೆ, ಒಂದೇ ಒಲೆ, ನಡುವೆ ಒಂದು ಪರದೆ. ಆದರೆ ನನ್ನ ವಿಷಯ ನಿಮಗೆ ಗೊತ್ತಿದೆಯಲ್ಲ. ಹಣ್ಣು ಪ್ಯಾಕಿಂಗ್ ಮಾಡುವ ಹೆಂಗಸರು ನನಗೆ ಸುಮ್ಮಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಹೊಟ್ಟೆಯಲ್ಲಿ ಬೇಕಾದಷ್ಟು ಮಾತಿದ್ದರೂ ಬಾಯಿಗೆ ಬರುವುದು "ಹೂಂ" ಒಂದೇ. ಐದನೆಯ ತರಗತಿಯವರೆಗೆ ಕಲಿತ ಅಕ್ಷರವನ್ನು ಇಷ್ಟು ದಿನ ಕ್ರೇಟುಗಳಿಗೆ ಚೀಟಿ ಅಂಟಿಸಲು, ಯಾರಿಗೂ ತೋರಿಸದ ನಾಲ್ಕು ಸಾಲು ಗೀಚಲು ಬಳಸಿದ್ದೆ. ಇವತ್ತು ನಿಮಗಾಗಿ ಬಳಸುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಾನು ನಿಮ್ಮನ್ನು ನಂಬಿರಲಿಲ್ಲ. ನಿಮ್ಮಲ್ಲಿ ತಪ್ಪು ಸಿಕ್ಕಿತ್ತು ಎಂದಲ್ಲ, ಒಂದು ತಪ್ಪೂ ಸಿಗಲಿಲ್ಲ ಎಂದು.

ಅಪ್ಪನನ್ನು ಮದುವೆಯಾಗಿ ನೀವು ಬಂದ ದಿನ ನಾನು ಬಾಗಿಲ ಹಿಂದೆ ನಿಂತಿದ್ದೆ. ನಿಮ್ಮ ಕೈಯಲ್ಲಿ ಒಂದು ಬಟ್ಟೆಯ ಚೀಲ, ಒಂದು ತಗಡಿನ ಪೆಟ್ಟಿಗೆ. ಅಪ್ಪ ಪೆಟ್ಟಿಗೆಯನ್ನು ಎಲ್ಲಿಡುವುದೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ನಿಂತಿದ್ದರು. ನೀವು ಕಿಟಕಿಯ ಪಕ್ಕದ ನನ್ನ ಮಂಚ ನೋಡಿ, "ಅದು ನಿಂದೇ ಇರಲಿ ಮಗಳೇ, ನಂಗೆ ಗಾಳಿ ಆಗಲ್ಲ" ಎಂದಿರಿ. ಅವತ್ತೇ ಸಂಜೆ ನೀವು ಹೊಸಿಲ ಮೇಲೆ ಕೂತು, ಕ್ಯಾಲೆಂಡರಿನ ಹಳೆಯ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದುದನ್ನು ನಾನು ನೋಡಿದೆ. ಗಾಳಿ ಆಗದವರು ಗಾಳಿ ಬೀಸಿಕೊಳ್ಳುತ್ತಾರೆಯೇ? ಬಂದ ಮೊದಲ ದಿನವೇ ನನಗೊಂದು ಸುಳ್ಳು ಹೇಳಿದಿರಿ. ಸಿಹಿಯಾದ ಸುಳ್ಳು. ಅದನ್ನು ನಾನು ಎತ್ತಿಟ್ಟುಕೊಂಡೆ.

ಆಮೇಲೆ ನಿಮ್ಮನ್ನು ಪರೀಕ್ಷೆ ಮಾಡುತ್ತಾ ಹೋದೆ. ನಿಮ್ಮ ಕೈಗನ್ನಡಿ ಬಿದ್ದು ಒಡೆದದ್ದು ನೆನಪಿದೆಯೇ? ಅದು ಬಿದ್ದದ್ದಲ್ಲ. ನೀವು ಚೂರುಗಳನ್ನು ಗುಡಿಸಿ, "ಹೋಗ್ಲಿ ಬಿಡು, ನನ್ನ ಮುಖ ನೋಡಿ ನೋಡಿ ಅದಕ್ಕೂ ಸಾಕಾಗಿತ್ತು" ಎಂದಿರಿ. ಅಡುಗೆಗೆ ಬೇಕೆಂದೇ ಎರಡು ಸಲ ಉಪ್ಪು ಹಾಕಿದೆ. ಅಪ್ಪ ತಟ್ಟೆ ದೂಡಿದರು. ನೀವು ಪೂರ್ತಿ ಉಂಡು, ಒಂದು ಚೊಂಬು ನೀರು ಕುಡಿದು, "ನಾಳೆ ಅಳತೆ ಸರಿಹೋಗುತ್ತೆ" ಎಂದಿರಿ. ಮನುಷ್ಯರಾದವರಿಗೆ ಇಷ್ಟು ತಾಳ್ಮೆ ಇರುತ್ತದೆಯೇ? ಅಮ್ಮನಿಗೆ ಇರಲಿಲ್ಲ. ಅಮ್ಮ ಕೂಗುತ್ತಿದ್ದಳು, ಬೆನ್ನಿಗೆ ಒಂದು ಕೊಡುತ್ತಿದ್ದಳು, ಆಮೇಲೆ ತಾನೇ ಮೂಲೆಯಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು. ಅವಳ ಮನಸ್ಸಿನಲ್ಲಿ ಏನಿದೆ ಎಂದು ನಾನು ಹುಡುಕಬೇಕಾಗಿ ಬರಲೇ ಇಲ್ಲ. ಅವಳಿಗೆ ನೀನು ಎನ್ನುತ್ತಿದ್ದೆ. ನಿಮಗೆ ನೀವು.

ನನ್ನ ಈ ಬುದ್ಧಿಗೆ ನನ್ನ ಕೆಲಸವೂ ಕಾರಣ ಇರಬೇಕು. ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದಾಳೆ ಎಂದು ನಗಬೇಡಿ. ಸಾಲಾಗಿ ಬರೆದರೆ ಮಾತ್ರ ನನಗೆ ಮುಂದಿನದು ಹೊಳೆಯುತ್ತದೆ.

ನಮ್ಮ ತೋಟದಲ್ಲಿ ಬೆಳೆಯುವುದು ಪರ್ಸಿಮನ್. ಟೊಮೇಟೊ ಹಾಗೆ ಕಾಣುವ, ತಲೆಗೆ ನಾಲ್ಕು ಎಲೆಯ ಟೋಪಿ ಹಾಕಿಕೊಂಡ ಕಿತ್ತಳೆ ಬಣ್ಣದ ಹಣ್ಣು. ಹೊರಗಿನವರು ಬಂದಾಗ ಮಾತ್ರ ಆ ಹೆಸರು ಹೇಳುತ್ತೇವೆ, ನಮ್ಮ ನಮ್ಮಲ್ಲಿ ಬರೀ ಹಣ್ಣು. ಹೊಸ ಹೊಸ ಸಸಿ ಬೆಳೆಸಿ, ಯಾವ ಮರದ ಹಣ್ಣು ಗಟ್ಟಿಯಾಗಿದ್ದಾಗಲೇ ತಿನ್ನಲು ಬರುತ್ತದೆ ಎಂದು ಹುಡುಕುವುದು ಡಾಕ್ಟರಮ್ಮನ ಕೆಲಸ. ಅವರು ಹಣ್ಣಿನ ಡಾಕ್ಟರು ಎಂದು ಗೊತ್ತಿದ್ದೂ ಗೇಟಿನ ಕಾವಲುಗಾರ ತನ್ನ ಮೊಣಕಾಲು ತೋರಿಸಲು ಹೋಗಿ, "ಇದು ಪೂರ್ತಿ ಮಾಗಿದೆ, ಇನ್ನು ನನ್ನ ಕೈಲಿ ಏನೂ ಆಗಲ್ಲ" ಎನ್ನಿಸಿಕೊಂಡು ಬಂದಿದ್ದ. ಮರಗಳಿಗೆ ಕಸಿ ಕಟ್ಟುವುದು ಅಪ್ಪನ ಕೆಲಸ. ಕಚ್ಚುವುದು ನನ್ನ ಕೆಲಸ. ಹೊಸ ಮರದ ಮೊದಲ ಹಣ್ಣಿನ ಒಂದು ಹೋಳು ಕಚ್ಚಿ, ನಾಲಿಗೆಯ ಮೇಲೆ ಇಟ್ಟುಕೊಂಡು, ಉಗಿದು, ಒಗರು ಇದೆಯೋ ಇಲ್ಲವೋ ಹೇಳಬೇಕು. ಒಗರು ಇದ್ದರೆ ಬಾಯೊಳಗೆ ಯಾರೋ ಒರಟು ಬಟ್ಟೆ ತುರುಕಿದ ಹಾಗೆ. ನಾಲಿಗೆ ದಪ್ಪವಾಗುತ್ತದೆ, ಕೆನ್ನೆ ಒಳಕ್ಕೆ ಎಳೆಯುತ್ತದೆ, ಮಾತು ಹೊರಳುವುದಿಲ್ಲ. "ಹೇಗಿದ್ದರೂ ಮಾತಾಡದವಳಿಗೆ ಸರಿಯಾದ ಕೆಲಸ ಕೊಟ್ಟಿದ್ದಾರೆ" ಎಂದು ಪ್ಯಾಕಿಂಗಿನವರು ನಗುತ್ತಿದ್ದರು.

ಒಂದು ಮರದಲ್ಲಿ ಒಗರು ಏಕೆ ಇರುತ್ತದೆ, ಪಕ್ಕದ ಮರದಲ್ಲಿ ಏಕೆ ಇರುವುದಿಲ್ಲ ಎಂದು ಡಾಕ್ಟರಮ್ಮ ಒಮ್ಮೆ ಕ್ರೇಟಿನ ಮೇಲೆ ಕೂತು ನಮಗೆಲ್ಲ ಹೇಳಿದ್ದರು. ಪ್ರತಿ ಮರದೊಳಗೂ ಒಗರಿನ ವಂಶವಾಹಿಯ ಆರು ಪ್ರತಿಗಳಿರುತ್ತವಂತೆ. ತಾಯಿಮರದಿಂದ ಮೂರು, ತಂದೆಮರದಿಂದ ಮೂರು. ಆರೂ ಸಪ್ಪಗಿದ್ದರೆ ಮಾತ್ರ ಹಣ್ಣು ಮರದಲ್ಲಿದ್ದಾಗಲೇ ಒಗರು ಬಿಡುತ್ತದೆ. ಆರರಲ್ಲಿ ಒಂದಕ್ಕೆ ಒಗರಿನ ಗುಣ ಇದ್ದರೂ ಸಾಕು, ಹಣ್ಣು ಪೂರ್ತಿ ಒಗರು. "ಆರು ಜನರ ಮನೆಯಲ್ಲಿ ಒಬ್ಬ ಗೊಣಗುವವನಿದ್ದರೆ ಸಾಕಲ್ಲ, ಹಾಗೆ" ಎಂದರು. ಪ್ಯಾಕಿಂಗಿನ ದೊಡ್ಡಕ್ಕ ತಕ್ಷಣ, "ನಮ್ಮನೇಲಿ ಆರಕ್ಕೆ ಆರೂ ಗೊಣಗುತ್ತಾರಲ್ಲ, ನಮ್ಮನ್ನ ಯಾವ ಸಾಲಲ್ಲಿ ನೆಡ್ತೀರಿ ಡಾಕ್ಟರಮ್ಮ" ಎಂದು ಕೇಳಿದಳು. ನೀವು ಅವತ್ತು ಏಪ್ರನ್ನಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿರಿ. ನಾನು ಹಣ್ಣಿನ ಕಡೆ ನೋಡಲಿಲ್ಲ, ನಿಮ್ಮ ಕಡೆ ನೋಡಿದೆ.

ಏಕೆಂದರೆ ನಿಮ್ಮ ಕೆಲಸ ಮಾಗಿಸುವ ಕೋಣೆಯಲ್ಲಿತ್ತು. ಒಗರು ಇರುವ ಹಣ್ಣನ್ನು ಚೀಲದೊಳಗೆ ಹಾಕಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಇಟ್ಟು, ಬಾಯಿ ಬಿಗಿದು ಕೆಲವು ದಿನ ಬಿಟ್ಟರೆ ಹಣ್ಣು ಗಟ್ಟಿಯಾಗಿಯೇ ಇರುತ್ತದೆ, ಒಗರು ಮಾತ್ರ ನಾಲಿಗೆಗೆ ತಿಳಿಯುವುದಿಲ್ಲ. ಒಗರು ಹೋಯಿತು ಎಂದು ನಾನು ಅಂದುಕೊಂಡಿದ್ದೆ. ನೀವೇ ತಿದ್ದಿದಿರಿ. "ಹೋಗಲ್ಲ ಸುಮ್ಮಿ, ಕೂತ್ಕೊಳ್ಳುತ್ತೆ." ಸ್ಪಿರಿಟ್ಟಿನ ಆವಿ ಒಳಗೆ ಹೋದರೆ ಒಗರು ಒಂದಕ್ಕೊಂದು ಅಂಟಿಕೊಂಡು, ಗಟ್ಟಿಯಾಗಿ, ಅಲ್ಲೇ ಕೂತುಬಿಡುತ್ತದೆ. ಕರಗದ್ದು ನಾಲಿಗೆಗೆ ಅಂಟುವುದಿಲ್ಲ. ಅದಕ್ಕೇ ನಿಮ್ಮ ಕೋಣೆಯಲ್ಲಿ ಎರಡು ಮಾತು. ಹುಟ್ಟಿನಿಂದ ಸಪ್ಪಗಿರುವ ಮರದ ಹಣ್ಣಿಗೆ "ಒಗರಿಲ್ಲ". ಸ್ಪಿರಿಟ್ ಕೊಟ್ಟ ಹಣ್ಣಿಗೆ "ಒಗರು ಕೂತಿದೆ". ಕೂತದ್ದು ಬೆಂಕಿ ಕಂಡರೆ ಮತ್ತೆ ಏಳುತ್ತದೆ. ಬೇಕರಿಯವನು ನಿಮ್ಮ ಕೋಣೆಯ ಸಿಹಿ ಹಣ್ಣು ಒಯ್ದು ಕೇಕಿಗೆ ಹಾಕಿ, ಹುಟ್ಟುಹಬ್ಬಕ್ಕೆ ಬಂದವರೆಲ್ಲ ಬಾಯಿ ಸೊಟ್ಟ ಮಾಡಿಕೊಂಡು ಫೋಟೊಗೆ ನಿಂತ ಕಥೆಯನ್ನು ನೀವೇ ನಗುತ್ತಾ ಹೇಳಿದ್ದಿರಿ.

ನನಗೆ ನಗು ಬರಲಿಲ್ಲ. ಅವತ್ತು ನಿಮ್ಮ ಗುಟ್ಟು ಗೊತ್ತಾಯಿತು ಎಂದುಕೊಂಡೆ. ಈ ಹೆಂಗಸಿನ ಸಿಹಿ ಹುಟ್ಟಿದ್ದಲ್ಲ, ಕೂರಿಸಿದ್ದು. ಒಂದಲ್ಲ ಒಂದು ದಿನ ಬಿಸಿ ತಾಗುತ್ತದೆ, ಅವತ್ತು ಏಳುತ್ತದೆ. ಅದಕ್ಕಾಗಿ ಕಾಯುತ್ತಾ ಇದ್ದೆ.

ಇನ್ನು ಅಮ್ಮನ ಮರದ ವಿಷಯ. ಕೊನೆಯ ಸಾಲಿನಲ್ಲಿ, ನೀರಿನ ತೊಟ್ಟಿಯ ಪಕ್ಕ ಇರುವುದು. ನಾನು ಶಾಲೆ ಬಿಟ್ಟ ವರ್ಷ ಅಮ್ಮ ಒಂದು ಸಿಹಿ ಹಣ್ಣು ತಿಂದು, ಬೀಜವನ್ನು ಒಡೆದ ಬಕೆಟ್ಟಿನಲ್ಲಿ ಹಾಕಿದಳು. ಅದು ಮೊಳೆತಾಗ ಅಪ್ಪ ನಕ್ಕಿದ್ದರು. "ತಾಯಿ ಯಾರು ಅಂತ ಗೊತ್ತು, ತಂದೆ ಯಾರು ಅಂತ ಜೇನುನೊಣನೇ ಹೇಳ್ಬೇಕು. ಒಗರಾದ್ರೆ ಏನ್ಮಾಡ್ತೀಯ?" "ಒಗರಾದ್ರೆ ನಿಮಗೆ ತಿನ್ನಿಸ್ತೀನಿ" ಎಂದಳು ಅಮ್ಮ. ಹಣ್ಣು ಬಿಡುವವರೆಗೆ ಅವಳು ಉಳಿಯಲಿಲ್ಲ. ಮರಕ್ಕೆ ಏಣಿ ಹಾಕುವಷ್ಟು ಎತ್ತರ ಬಂತು. ನಾನು ಊಟದ ಡಬ್ಬಿ ಬಿಚ್ಚುವುದು ಅದರ ಕೆಳಗೇ. ಅಲ್ಲಿ ನನಗೆ ಮಾತೂ ಬರುತ್ತಿತ್ತು.

ಈ ವರ್ಷ ಅದು ಮೊದಲ ಸಲ ಕಾಯಿ ಕಟ್ಟಿತು. ಈ ವರ್ಷವೇ ಡಾಕ್ಟರಮ್ಮ ಆ ಸಾಲನ್ನು ತೆಗೆದು ಹೊಸ ಸಸಿ ಹಾಕಬೇಕೆಂದು ತೀರ್ಮಾನಿಸಿದರು. ಈಗ ಹಣ್ಣಿಗಾಗಿ ಕಾಯಬೇಕಿಲ್ಲ, ಎಲೆಯ ಒಂದು ಚೂರು ಅರೆದು ನೋಡಿದರೆ ಒಳಗಿರುವ ಪ್ರತಿಗಳ ಗುಣ ತಿಳಿಯುತ್ತದೆ. ಅಮ್ಮನ ಮರದ ಎಲೆಯನ್ನೂ ನೋಡಿದರು. ಒಗರು ಎಂದು ಬಂತು. ನಾನು ಅವರ ಮುಂದೆ ನಿಂತೇ ಇದ್ದೆ, ಏನೂ ಕೇಳಲಿಲ್ಲ. ಅವರೇ ನನ್ನ ಮುಖ ನೋಡಿ, "ಬೇರೆ ವಂಶದ ಕೆಲವು ಮರಗಳಲ್ಲಿ ಒಗರು ಬಿಡಿಸುವ ಗುಣ ಇನ್ನೊಂದು ಕಡೆ ಇರುತ್ತೆ. ಈ ಪರೀಕ್ಷೆಗೆ ಅದು ಕಾಣಲ್ಲ. ಕಾಯಿ ಹೇಗೂ ಬಿಟ್ಟಿದೆ. ಬಣ್ಣ ಬರಲಿ, ನೀನೇ ಕಚ್ಚಿ ನೋಡು. ಒಗರಿಲ್ಲ ಅಂದರೆ ಮರ ಇರುತ್ತೆ" ಎಂದರು.

ಅಲ್ಲಿಗೆ ಅಮ್ಮನ ಮರ ನನ್ನ ನಾಲಿಗೆಯ ಮೇಲೆ ನಿಂತಿತು.

ಅವತ್ತಿನಿಂದ ನೀವು ಆ ಮರದ ಬಗ್ಗೆ ಕೇಳಲು ಶುರು ಮಾಡಿದಿರಿ. ಕಾಯಿ ಎಷ್ಟು ದೊಡ್ಡದಾಯಿತು, ಬಣ್ಣ ತಿರುಗಿತೇ, ಕಚ್ಚುವುದು ಯಾವಾಗ. ಇಷ್ಟು ವರ್ಷ ಆ ಕಡೆ ತಲೆ ಹಾಕದವರಿಗೆ ಈಗೇಕೆ ಇಷ್ಟು ಅಕ್ಕರೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದೆ. ಹಕ್ಕಿಗಳ ಕಾಟಕ್ಕೆ ಎಲ್ಲ ಕಾಯಿಗೂ ಕಾಗದದ ಕವರು ಹಾಕಿದ್ದೆವಲ್ಲ, ಒಳಗೆ ಏನಾಗುತ್ತಿದೆ ಎಂದು ನನಗೆ ಕಾಣುತ್ತಿರಲಿಲ್ಲ. ಒಂದು ಸಂಜೆ ನೀವು ತೊಟ್ಟಿಯ ಕಡೆಯಿಂದ ಬರುತ್ತಿದ್ದಿರಿ. ಏಪ್ರನ್ನಿನ ಜೇಬು ಉಬ್ಬಿತ್ತು. "ಕೈ ತೊಳೆಯೋಕೆ ಹೋಗಿದ್ದೆ" ಎಂದಿರಿ, ನಾನು ಕೇಳುವ ಮೊದಲೇ. ಮಾಗಿಸುವ ಕೋಣೆಯ ಬಾಗಿಲಲ್ಲೇ ನಲ್ಲಿ ಇದೆ. ನಾನು "ಹೂಂ" ಎಂದೆ.

ಕಚ್ಚುವ ದಿನ ಬಂತು. ಡಾಕ್ಟರಮ್ಮ, ಅಪ್ಪ, ನಾನು. ನೀವು ಕೆಲಸವಿದೆ ಎಂದು ಬರಲಿಲ್ಲ, ಅದನ್ನೂ ನಾನು ಎತ್ತಿಟ್ಟುಕೊಂಡೆ. ಡಾಕ್ಟರಮ್ಮ ತಾವೇ ಕವರು ಹರಿದು ಒಂದು ಹಣ್ಣು ಕೊಯ್ದು ಹೋಳು ಮಾಡಿದರು. ಸುತ್ತಿಗೆಯ ಹಾಗೆ ಗಟ್ಟಿ ಇತ್ತು. ಬೀಜ ಇರಲಿಲ್ಲ. ತಿರುಳಿನಲ್ಲಿ ಕಂದು ಚುಕ್ಕೆಗಳು ಸ್ವಲ್ಪ ಹೆಚ್ಚೇ ಇದ್ದವು. ನಾನು ಬಾಯಿಗಿಟ್ಟು ಕಣ್ಣು ಮುಚ್ಚಿದೆ. ಬಟ್ಟೆ ತುರುಕಿದ ಹಾಗಾಗುತ್ತದೆ ಎಂದು ಕಾದೆ. ಆಗಲಿಲ್ಲ. ಸಿಹಿ, ಬರೀ ಸಿಹಿ. ಎದೆ ಹಗುರವಾಗಬೇಕಿತ್ತು, ಅಷ್ಟರಲ್ಲಿ ಮೂಗಿಗೆ ಒಂದು ಎಳೆ ವಾಸನೆ ಬಂತು. ನಿಮ್ಮ ಕೋಣೆಯ ವಾಸನೆ. ದಿನಾ ಸಂಜೆ ನಿಮ್ಮ ಬಟ್ಟೆಯ ಜೊತೆ ನಮ್ಮ ಮನೆಗೆ ಬರುವ ವಾಸನೆ.

"ಏನು?" ಎಂದರು ಡಾಕ್ಟರಮ್ಮ.

"ಒಗರು ಸಿಗುತ್ತಿಲ್ಲ" ಎಂದೆ.

ಅವರು ಇನ್ನೊಂದು ಹೋಳನ್ನು ತಾವೂ ಕಚ್ಚಿದರು. ಹೊತ್ತು ತೆಗೆದುಕೊಂಡು ಅಗಿದರು. "ಎಲೆ ಒಂದು ಹೇಳ್ತಿದೆ, ಹಣ್ಣು ಒಂದು ಹೇಳ್ತಿದೆ. ನೋಡೋಣ" ಎಂದು ಉಳಿದ ಅರ್ಧವನ್ನೂ ಇನ್ನೆರಡು ಹಣ್ಣನ್ನೂ ಚೀಲಕ್ಕೆ ಹಾಕಿಕೊಂಡು ಹೋದರು. ಅಪ್ಪನಿಗೆ ಅಷ್ಟೇ ಸಾಕಾಗಿತ್ತು. ಮರದ ಬೊಡ್ಡೆಯನ್ನು ಎಮ್ಮೆಯ ಬೆನ್ನು ತಟ್ಟಿದ ಹಾಗೆ ತಟ್ಟಿದರು. "ನಿಮ್ಮಮ್ಮ ಗೆದ್ದಳು ಕಣೇ. ನನಗೆ ಒಗರು ತಿನ್ನಿಸೋಕೆ ಆಗಲಿಲ್ಲ ಅವಳ ಕೈಲಿ" ಎಂದರು. ಅವರು ಅಮ್ಮನ ಮಾತೆತ್ತಿ ನಕ್ಕದ್ದು ನಾನು ನೋಡಿದ್ದೇ ಅಪರೂಪ. ನಾನು ಆ ನಗುವನ್ನು ನೋಡಲಾರದೆ ಏಣಿ ಹತ್ತಿದೆ.

ಕವರುಗಳನ್ನು ಬಿಚ್ಚುತ್ತಾ ಹೋದೆ. ಹಣ್ಣಿನ ಟೋಪಿಯ ಮೇಲೆ, ತೊಟ್ಟಿನ ಸುತ್ತ, ಏನೋ ಬಿಗಿದಿದ್ದ ಗುರುತು. ಒಂದು ತೊಟ್ಟಿನಲ್ಲಿ ದಾರ ಹಾಗೇ ಉಳಿದಿತ್ತು. ಎರಡು ಸುತ್ತು ಸುತ್ತಿ, ತುದಿಯನ್ನು ಒಳಕ್ಕೆ ಸಿಕ್ಕಿಸಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು. ಮಾಗಿಸುವ ಕೋಣೆಯಲ್ಲಿ ಉಳಿದವರೆಲ್ಲ ಸಾದಾ ಗಂಟು ಹಾಕಿ, ಆಮೇಲೆ ಹಲ್ಲಿನಿಂದ ಕಚ್ಚಿ ಬಿಚ್ಚುತ್ತಾರೆ. ಈ ಗಂಟು ನಿಮ್ಮದು. ನನ್ನ ಜಡೆಗೂ ಇದನ್ನೇ ಹಾಕುತ್ತಿದ್ದಿರಿ.

ದಾರವನ್ನು ಜೇಬಿಗೆ ಹಾಕಿಕೊಂಡು ಏಣಿಯ ಮೇಲೇ ಯೋಚಿಸಿದೆ. ಮರದಲ್ಲಿದ್ದ ಹಣ್ಣಿಗೇ ಸ್ಪಿರಿಟ್ಟಿನ ಚೀಲ ಕಟ್ಟಿ, ಬಿಚ್ಚಿ, ಮತ್ತೆ ಕವರು ಹಾಕಿದ್ದಿರಿ. ಇದನ್ನು ಏಕೆ ಮಾಡಿದಿರಿ? ನನಗೆ ಹೊಳೆದದ್ದೆಲ್ಲ ಕೆಟ್ಟದ್ದೇ. ಮರ ಉಳಿಯುತ್ತದೆ, ಅಪ್ಪ ಅದರ ಕಡ್ಡಿ ತೆಗೆದು ನೂರಾರು ಗಿಡಕ್ಕೆ ಕಸಿ ಕಟ್ಟುತ್ತಾರೆ, ಮುಂದೆ ಅಷ್ಟೂ ಗಿಡ ಒಗರು ಹಣ್ಣು ಬಿಡುತ್ತವೆ. ಆಗ ಯಾರ ಮಾನ ಹೋಗುತ್ತದೆ? ಕಚ್ಚಿ ನೋಡಿದವಳದ್ದು. ಸುಳ್ಳು ಹೇಳುವ ನಾಲಿಗೆಯನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಅಥವಾ ನಾಳೆಯೇ ಯಾರೋ ಕಂಡುಹಿಡಿಯಲಿ ಎಂದು ದಾರವನ್ನು ಬೇಕೆಂದೇ ಬಿಟ್ಟಿರಿ. ಆಗ ಅಮ್ಮನ ಮರ ಕಡಿಯುವುದಷ್ಟೇ ಅಲ್ಲ, ಕಳ್ಳಮರ ಎಂಬ ಹೆಸರೂ ಬರುತ್ತದೆ. ಅದೂ ಅಲ್ಲದಿದ್ದರೆ ಒಂದು ದಿನ ನನ್ನನ್ನು ಹತ್ತಿರ ಕೂರಿಸಿಕೊಂಡು, ನಿನ್ನಮ್ಮನ ಮರ ಉಳಿಸಿದವಳು ನಾನು ಎಂದು ಹೇಳಿ, ಜೀವನಪೂರ್ತಿ ನನ್ನ ತಲೆ ತಗ್ಗಿಸಿ ಇಡಲು. ಹೀಗೆ ಒಂದರ ಮೇಲೊಂದು ಹೊಳೆಯಿತೇ ಹೊರತು, ಒಳ್ಳೆಯದಕ್ಕೆ ಮಾಡಿರಬಹುದು ಎಂಬುದು ಮಾತ್ರ ಒಮ್ಮೆಯೂ ಹೊಳೆಯಲಿಲ್ಲ.

ಅವತ್ತು ಸಂಜೆ ಪಾಳಿ ಇದೆ ಎಂದು ನೀವು ಹೊರಟಿರಿ. ಅದು ನಿಮ್ಮ ಪಾಳಿಯ ದಿನವಲ್ಲ ಎಂದು ನನಗೆ ಗೊತ್ತಿತ್ತು. ಬಾಗಿಲು ಹಾಕಿಕೊಂಡು ಒಲೆ ಹಚ್ಚಿದೆ. ಗುರುತು ಬಿದ್ದ ಎರಡು ಹಣ್ಣನ್ನು ಹೆಚ್ಚಿ, ಸಣ್ಣ ಪಾತ್ರೆಗೆ ಹಾಕಿ, ಸಕ್ಕರೆ ಸೇರಿಸಿ ಕೈಯಾಡಿಸಿದೆ. ಚೆನ್ನಾಗಿಯೇ ಘಮ ಬಂತು. ಗಟ್ಟಿಯಾಗುತ್ತಾ ಬಂದಂತೆ ಕೆಂಪಾಯಿತು. ಆರಿಸಿ, ಚಮಚದ ತುದಿಯಷ್ಟು ನಾಲಿಗೆಗಿಟ್ಟೆ. ಮೊದಲು ಸಕ್ಕರೆ. ಆಮೇಲೆ ನಿಧಾನವಾಗಿ, ಗೋಡೆಯ ಹಿಂದಿನಿಂದ ಯಾರೋ ಎದ್ದು ಬಂದ ಹಾಗೆ, ಒಗರು ಎದ್ದಿತು. ಕೆನ್ನೆ ಒಳಕ್ಕೆ ಎಳೆಯಿತು. ನನಗೆ ಅಳು ಬರಬೇಕಿತ್ತು. ನಿಜ ಹೇಳುತ್ತೇನೆ, ಮೊದಲು ಬಂದದ್ದು ಸಮಾಧಾನ. ಸಿಕ್ಕಿಬಿದ್ದಿರಿ ಎಂದುಕೊಂಡೆ. ಅಮ್ಮನ ಮರ ಹೋಯಿತು ಎಂಬುದು ತಿಳಿದದ್ದು ಪಾತ್ರೆ ತೊಳೆಯುವಾಗ.

ಉಳಿದದ್ದನ್ನು ಬಾಟಲಿಗೆ ತುಂಬಿ ಬಟ್ಟೆಯ ಹಿಂದೆ ಇಟ್ಟೆ. ಬೆಳಿಗ್ಗೆ ಗೇಟು ತೆರೆಯುತ್ತಿದ್ದಂತೆ ಡಾಕ್ಟರಮ್ಮನ ಕೋಣೆಗೆ ಹೋದೆ. ಎಲೆ ಅರೆಯುವ ಕೋಣೆ ನಿಮಗೆ ಗೊತ್ತಲ್ಲ, ಇಬ್ಬರು ನಿಂತರೆ ಮೂರನೆಯವರು ಹೊರಗೆ ನಿಲ್ಲಬೇಕು. ಫ್ರಿಜ್ಜು ಗೊರಗೊರ ಎನ್ನುತ್ತಿತ್ತು. ಜೇಬಿನಲ್ಲಿ ದಾರ ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ಬಾಯಿ ತೆರೆಯುವ ಮೊದಲೇ ಅವರು, "ನೀನೂ ಬಂದೆಯಾ? ಒಟ್ಟಿಗೆ ಬರೋದಲ್ವಾ, ಮನೆಯವರೆಲ್ಲ ಸರದಿಯಲ್ಲಿ ಬರ್ತೀರಲ್ಲ" ಎಂದರು. ಅವರ ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಬೇಯಿಸಿದ ಹಣ್ಣಿನ ತಿರುಳು ಇತ್ತು. ಅವರೂ ಬೇಯಿಸಿ ನೋಡಿದ್ದರು. "ಸಂತೋಷಪಡಬೇಕಾದ ಹುಡುಗಿ ಇಲ್ಲ ಅನ್ನೋ ಬದಲು ಸಿಗುತ್ತಿಲ್ಲ ಅಂತ ಪದ ಆರಿಸಿ ಮಾತಾಡಿದಾಗಲೇ ನಂಗೆ ಅನುಮಾನ. ಆದರೆ ನಾನು ಒಲೆ ಹಚ್ಚೋ ಮೊದಲೇ ನಿನ್ನ ಚಿಕ್ಕಮ್ಮ ಬಂದು ಹೇಳಿಬಿಟ್ಟರು."

ನೀವು ಹಿಂದಿನ ಸಂಜೆ ಹೋಗಿದ್ದು ಪಾಳಿಗಲ್ಲ. ಮಧ್ಯಾಹ್ನ ಅಪ್ಪ ಖುಷಿಯಲ್ಲಿ ನಿಮ್ಮ ಮುಂದೆ ನನ್ನ ಮಾತನ್ನು ಹಾಗೆಯೇ ಹೇಳಿದರಂತೆ. ಅಪ್ಪನಿಗೆ ಅದು ಬರೀ ಮಾತು. ನಿಮಗೆ ಅದು ನಿಮ್ಮ ಕೋಣೆಯ "ಒಗರಿಲ್ಲ" ಅಲ್ಲ. ಡಾಕ್ಟರಮ್ಮ ನೀವು ಹೇಳಿದ್ದನ್ನು ನೀವು ಹೇಳಿದ ಹಾಗೆಯೇ ಹೇಳಿದರು. "ಹುಡುಗಿ ಸಿಗುತ್ತಿಲ್ಲ ಅಂದಿದ್ದಾಳೆ, ಇಲ್ಲ ಅಂದಿಲ್ಲ. ಅಂದರೆ ಅವಳಿಗೆ ಗೊತ್ತಾಗಿದೆ. ಈಗ ಹೇಳಿದ್ರೆ ಅಮ್ಮನ ಮರ ಹೋಗುತ್ತೆ, ಹೇಳದಿದ್ರೆ ಅವಳ ನಾಲಿಗೆ ಹೋಗುತ್ತೆ. ಅವಳ ಹತ್ರ ಕೇಳಬೇಡಿ. ಕಟ್ಟಿದವಳು ನಾನು."

ದಾರ ಜೇಬಿನಲ್ಲೇ ಉಳಿಯಿತು. ನಿಮ್ಮನ್ನು ಮಾಗಿಸುವ ಕೋಣೆಯಿಂದ ತೆಗೆದು ತೊಳೆಯುವ ಶೆಡ್ಡಿಗೆ ಹಾಕಿದ್ದೇನೆ ಎಂದು ಡಾಕ್ಟರಮ್ಮ ಹೇಳಿದರು. ಎಲೆ ಉದುರಿದ ಮೇಲೆ ಮರ ಕಡಿಯಬೇಕಾಗುತ್ತದೆ ಎಂದೂ ಹೇಳಿದರು. ಅದನ್ನು ಹೇಳುವಾಗ ಅವರು ಫ್ರಿಜ್ಜಿನ ಬಾಗಿಲು ತೆರೆದು ಮತ್ತೆ ಸುಮ್ಮನೆ ಮುಚ್ಚಿದರು. ನಾನು "ಹೂಂ" ಎಂದೆ.

ಚಿಕ್ಕಮ್ಮ, ಆಗಲಾದರೂ ನಾನು ನಂಬಬೇಕಿತ್ತು. ನಂಬಲಿಲ್ಲ. ಸಾಲುಗಳ ನಡುವೆ ನಡೆದು ಬರುವಾಗ ನನ್ನ ತಲೆ ಮತ್ತೆ ಅದೇ ಲೆಕ್ಕ ಹಾಕುತ್ತಿತ್ತು. ಸಿಕ್ಕಿಬೀಳುತ್ತೇನೆ ಎಂದು ಗೊತ್ತಾಗಿ ತಾನೇ ಮೊದಲು ಹೋಗಿ ಒಳ್ಳೆಯವಳಾದಳು. ಈಗ ಎಲ್ಲರೂ ಇವಳನ್ನೇ ಹೊಗಳುತ್ತಾರೆ. ಅಷ್ಟು ಕರಗದ ಮನಸ್ಸು ನನ್ನದು.

ಆ ಸಂಜೆಯ ಊಟ ನಿಮಗೂ ನೆನಪಿರುತ್ತದೆ. ಅಪ್ಪನಿಗೆ ವಿಷಯ ತಿಳಿದಿತ್ತು. "ಮರ ಹೋಗೋದು ಹೋಗ್ತಿತ್ತು. ನನ್ನನ್ಯಾಕೆ ನಗಿಸಿದೆ?" ಎಂದಷ್ಟೇ ನಿಮಗೆ ಹೇಳಿ, ತಟ್ಟೆ ಮುಟ್ಟದೆ, ಕಸಿ ಚಾಕು ಮಸೆಯುವ ನೆಪದಲ್ಲಿ ಹೊರಗೆ ಹೋದರು. ಕಲ್ಲಿನ ಮೇಲೆ ಚಾಕು ಉಜ್ಜುವ ಸದ್ದು ಒಳಗೆ ಬರುತ್ತಿತ್ತು. ನಿಮ್ಮ ಕೈಬೆರಳುಗಳು ದಿನವಿಡೀ ನೀರಿನಲ್ಲಿದ್ದು ಬಿಳಿಚಿ ಸುಕ್ಕಾಗಿದ್ದವು. ಆದರೂ ನೀವು ನಗುತ್ತಲೇ ನನಗೆ ಬಡಿಸಿದಿರಿ. ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ. ಬಟ್ಟೆಯ ಹಿಂದಿನಿಂದ ಬಾಟಲಿ ತಂದು ನಿಮ್ಮ ತಟ್ಟೆಯ ಪಕ್ಕ ಇಟ್ಟೆ.

ನೀವು ಏನೆಂದು ಕೇಳಲಿಲ್ಲ. ಬೆರಳಿನಿಂದ ತೆಗೆದು ನಾಲಿಗೆಗಿಟ್ಟಿರಿ. ನಿಮ್ಮ ಕೆನ್ನೆ ಒಳಕ್ಕೆ ಎಳೆಯಿತು. ಆಮೇಲೆ ಮೊದಲ ಸಲ ನೀವು ನನ್ನ ಮೇಲೆ ದನಿ ಎತ್ತಿದಿರಿ.

"ಬೆಂಕಿಗಿಟ್ಟು ನೋಡಿದೆಯಲ್ಲ? ಆಯ್ತಾ ಸಮಾಧಾನ? ಬಂದ ದಿನದಿಂದ ನೋಡ್ತಾನೇ ಇದೀನಿ. ಕನ್ನಡಿ ಒಡೆದೆ, ಉಪ್ಪು ಸುರಿದೆ, ನನ್ನ ಚಪ್ಪಲಿ ತೊಟ್ಟಿ ಹಿಂದೆ ಎಸೆದೆ. ಇನ್ನೂ ಎಷ್ಟು ದಿನ ಅಂತ ನನ್ನ ಕಚ್ಚಿ ಕಚ್ಚಿ ನೋಡ್ತೀಯ? ಉಗಿಯೋದಾದ್ರೆ ಉಗಿದುಬಿಡು, ನುಂಗೋದಾದ್ರೆ ನುಂಗು. ಬಾಯಲ್ಲೇ ಇಟ್ಕೊಂಡಿರಬೇಡ."

ಹೊರಗೆ ಚಾಕುವಿನ ಸದ್ದು ನಿಂತಿತ್ತು. ನೀವು ನಿಲ್ಲಲಿಲ್ಲ.

"ನಿನ್ನ ಮೇಲಿನ ಪ್ರೀತಿಗೆ ಕಟ್ಟಿದೆ ಅಂದ್ಕೊಂಡ್ಯಾ? ನನ್ನ ನೆಮ್ಮದಿಗೆ ಕಟ್ಟಿದೆ. ಆ ಮರ ಬೀಳೋ ದಿನ ನೀನು ನನ್ನನ್ನೇ ನೋಡ್ತೀಯ, ಕೊಡಲಿ ನನ್ನ ಕೈಲಿ ಇದ್ದ ಹಾಗೆ. ಅದು ನಂಗೆ ಗೊತ್ತು. ಆ ಕಣ್ಣು ನಂಗೆ ಬೇಡವಾಗಿತ್ತು. ಅಷ್ಟೇ. ಇಷ್ಟು ವರ್ಷ ಆಯ್ತು, ಬನ್ನಿ ಹೋಗಿ ಅಂತ ನೆಂಟರ ಹಾಗೆ ಮಾತಾಡಿಸ್ತೀಯ. ಒಂದು ದಿನ ಎದುರು ಮಾತಾಡಿದ್ದಿಲ್ಲ. ಹೋಗು, ನಿನ್ನ ತಟ್ಟೆ ನೀನೇ ತೊಳಿ. ದಿನವೆಲ್ಲ ತೊಳೆದು ನನ್ನ ಕೈ ಸತ್ತುಹೋಗಿದೆ."

ನಾನು ತಟ್ಟೆ ತೊಳೆದೆ. ನಿಮ್ಮದನ್ನೂ ತೊಳೆದೆ. ಗೋಡೆಗೆ ಇಷ್ಟು ದಿನ ಕಿವಿಯಿಟ್ಟು ಕೇಳಿಸದ ಸದ್ದು ಕೊನೆಗೂ ಕೇಳಿಸಿದ ಹಾಗಿತ್ತು. ನೀವು ಪ್ರೀತಿಗೆ ಮಾಡಿದೆ ಎಂದಿದ್ದರೆ ನಾನು ಅದನ್ನೂ ಎತ್ತಿಟ್ಟುಕೊಂಡು ಬೆಂಕಿಗಿಟ್ಟು ನೋಡುತ್ತಿದ್ದೆ. ನಿಮ್ಮ ನೆಮ್ಮದಿಗೆ ಮಾಡಿದೆ ಎಂದಿರಿ. ಅದರಲ್ಲಿ ಹುಡುಕಲು ನನಗೆ ಏನೂ ಉಳಿಯಲಿಲ್ಲ. ಒಗರು ಎದ್ದ ದಿನವೇ ನಾನು ನಿಮ್ಮನ್ನು ನಂಬಿದೆ.

ಆದರೂ ಹಳೆಯ ಚಟ ಒಮ್ಮೆಗೆ ಬಿಡುವುದಿಲ್ಲ. ಇದನ್ನು ಓದಿ ನೀವು ಪ್ಯಾಕಿಂಗಿನ ದೊಡ್ಡಕ್ಕನಿಗೆ ತೋರಿಸುತ್ತೀರೋ ಎಂಬ ಅನುಮಾನ ಈಗಲೂ ಇದೆ. ಅಪ್ಪನ ಹತ್ತಿರ ನಗುತ್ತೀರೋ ಎಂಬ ಅನುಮಾನವೂ ಇದೆ. ಬೂಟು ಸೋರುತ್ತದೆ ಎಂದದ್ದು ನಿಜವೋ, ಅಪ್ಪನ ಕರುಣೆಗೋ ಎಂದು ಕೈ ಹಾಕಿ ನೋಡಿದೆ. ನಿಜವೇ. ಹಿಮ್ಮಡಿಯ ಹತ್ತಿರ ಸೀಳಿದೆ. ಒಳಗಿನಿಂದ ಅಪ್ಪನ ಕಸಿ ಪಟ್ಟಿ ಸುತ್ತಿದ್ದೇನೆ, ಒಂದೆರಡು ದಿನ ತಡೆಯಬಹುದು.

ನಿನ್ನೆ ಡಾಕ್ಟರಮ್ಮನ ಹತ್ತಿರ ಮತ್ತೊಮ್ಮೆ ಹೋಗಿದ್ದೆ. ಈ ಸಲ ಬಾಯಿ ಬಿಟ್ಟು ಕೇಳಿದೆ, ಪೂರ್ತಿ ಒಂದು ವಾಕ್ಯ. ಕಡಿಯುವವರೆಗೆ ಮರದಲ್ಲಿರುವ ಹಣ್ಣು ನಮಗೇ ಇರಲಿ ಎಂದು. "ಇರಲಿ, ಯಾರು ಬೇಡ ಅಂದ್ರು" ಎಂದರು. ತುದಿಯ ಕೊಂಬೆಯಲ್ಲಿ ಕೆಲವು ಹಣ್ಣುಗಳಿವೆ. ಏಣಿ ಹತ್ತಿ ನೋಡಿದೆ, ಅವುಗಳ ತೊಟ್ಟಿನಲ್ಲಿ ಗುರುತು ಇಲ್ಲ, ನಿಮ್ಮ ಕೈ ಅಲ್ಲಿಗೆ ಎಟುಕಿಲ್ಲ. ಅವುಗಳನ್ನು ಹಾಗೇ ಬಿಟ್ಟಿದ್ದೇನೆ. ಚೀಲ ಬೇಡ, ಸ್ಪಿರಿಟ್ ಬೇಡ. ಒಗರಿನ ಹಣ್ಣು ತನ್ನ ಪಾಡಿಗೆ ತಾನು ಪೂರ್ತಿ ಮೆತ್ತಗಾಗಿ, ಸಿಪ್ಪೆಯೊಳಗೆ ಪಾಯಸದಂತಾದರೆ ಅದರಷ್ಟು ಸಿಹಿ ಇನ್ನಾವುದೂ ಇಲ್ಲ ಎಂದು ಅಪ್ಪ ಹೇಳುತ್ತಾರೆ. ನಿಧಾನ, ಅಷ್ಟೇ. ನಾನು ಇದುವರೆಗೆ ತಿಂದಿಲ್ಲ. ನನ್ನ ಕೆಲಸ ಗಟ್ಟಿಯಿದ್ದಾಗ ಕಚ್ಚಿ ಉಗಿಯುವುದಾಗಿತ್ತಲ್ಲ.

ಎಲೆಗಳು ಕೆಂಪಾಗಿ ಉದುರಲು ಶುರು ಮಾಡಿವೆ. ಹಣ್ಣು ಮೆತ್ತಗಾದ ದಿನ ಹೇಳುತ್ತೇನೆ. ಚಮಚ ಮೂರು ತರುತ್ತೇನೆ, ಅಪ್ಪನೂ ಬರಲಿ, ಅಮ್ಮ ತಿನ್ನಿಸುತ್ತೇನೆ ಎಂದ ಮಾತು ಬಾಕಿ ಇದೆ. ಮರ ಬೀಳುವ ದಿನ ನಾನು ಯಾರ ಮುಖ ನೋಡುತ್ತೇನೋ ಗೊತ್ತಿಲ್ಲ. ನನ್ನ ಪಕ್ಕದಲ್ಲೇ ನಿಂತಿರು, ಎದುರಿಗೆ ನಿಲ್ಲಬೇಡ. ಆಗ ನೋಡಬೇಕೆಂದರೂ ಆಗುವುದಿಲ್ಲ.

ಕೈಗೆ ರಾತ್ರಿ ಎಣ್ಣೆ ಹಚ್ಚಿಕೋ. ಕಿಟಕಿಯ ಮಂಚಕ್ಕೆ ನಿನ್ನ ಹಾಸಿಗೆ ಹಾಕಿದ್ದೇನೆ, ಗಾಳಿ ಆಗಲ್ಲ ಎನ್ನಬೇಡ, ನಂಬುವುದಿಲ್ಲ. ನಿನ್ನ ಕಾಲು ಒದ್ದೆಯಾಗದಿರಲಿ, ನಿನ್ನ ದನಿ ಮತ್ತೆ ಕೂರದಿರಲಿ.

ಎದುರು ಮಾತಾಡಲು ಈಗಷ್ಟೇ ಕಲಿಯುತ್ತಿರುವ,
ನಿನ್ನ ಸುಮ್ಮಿ